ವಾದ, ಜಲ್ಪ, ವಿತಂಡ: ಗೆದ್ದವರು ಯಾರು ಅಂತ ಹೇಳುತ್ತಿದ್ದವರು ಯಾರು?

"ಭಾರತದಲ್ಲಿ ವಾದ-ಚರ್ಚೆಯ ದೊಡ್ಡ ಪರಂಪರೆ ಇತ್ತು" ಎಂಬ ಸಾಲು ನಮಗೆ ಎಲ್ಲ ಕಡೆ ಸಿಗುತ್ತದೆ. ಅದು ನಿಜವೇ. ಆದರೆ ಚರ್ಚೆ ಹೇಗೆ ನಡೆಯುತ್ತಿತ್ತು, ಯಾವ ತಪ್ಪಿಗೆ ಸೋಲು, ತೀರ್ಪು ಯಾರದು ಎಂಬುದನ್ನು ನೋಡದಿದ್ದರೆ ಅದು ಬರೀ ಹೊಗಳಿಕೆಯಾಗಿ ಉಳಿಯುತ್ತದೆ. ಪರೀಕ್ಷೆಗೆ ಇದನ್ನು ಓದುವಾಗ ಮಾತಾಡುವ ಇಬ್ಬರನ್ನಷ್ಟೇ ನೋಡಬೇಡಿ, ಸುತ್ತ ಕೂತು ಕೇಳುವ ಸಭೆಯನ್ನೂ ನೋಡಿ. ಸಂಸ್ಕೃತದ ಗ್ರಂಥಗಳು ಅದನ್ನು ಪರಿಷತ್ ಎನ್ನುತ್ತವೆ. ಇಡೀ ವಿಷಯಕ್ಕೆ ಕೀಲಿ ಅಲ್ಲೇ ಇದೆ ಅಂತ ನನಗನಿಸುತ್ತದೆ.

ಮೊದಲು 'ಮಿಲಿಂದಪನ್ಹ' ಎಂಬ ಪಾಲಿ ಗ್ರಂಥದ ಒಂದು ಪ್ರಸಂಗ. ಮಿಲಿಂದ ಅಂದರೆ ಕ್ರಿ.ಪೂ. 2ನೇ ಶತಮಾನದ ಇಂಡೋ-ಗ್ರೀಕ್ ದೊರೆ ಮಿನಾಂಡರ್. ಬೌದ್ಧ ಭಿಕ್ಷು ನಾಗಸೇನನ ಜೊತೆ ಚರ್ಚೆ ಮಾಡಬೇಕೆಂದು ಅವನಿಗೆ ಆಸೆ. ನಾಗಸೇನ ಒಂದು ಷರತ್ತು ಹಾಕುತ್ತಾನೆ: ಪಂಡಿತರ ಹಾಗೆ ಮಾತಾಡುವುದಾದರೆ ಸರಿ, ರಾಜರ ಹಾಗಾದರೆ ನಾನು ಬರುವುದಿಲ್ಲ. ವ್ಯತ್ಯಾಸ ಏನು ಅಂತ ದೊರೆ ಕೇಳುತ್ತಾನೆ. ಪಂಡಿತರು ಒಬ್ಬರ ಮಾತನ್ನು ಇನ್ನೊಬ್ಬರು ಬಿಡಿಸಿ ನೋಡುತ್ತಾರೆ, ತಪ್ಪು ತೋರಿಸುತ್ತಾರೆ, ತಪ್ಪಿದ್ದರೆ ಒಪ್ಪುತ್ತಾರೆ, ಅದಕ್ಕಾಗಿ ಸಿಟ್ಟಾಗುವುದಿಲ್ಲ. ರಾಜರು ಒಂದು ಮಾತು ಹೇಳುತ್ತಾರೆ, ಒಪ್ಪದವನಿಗೆ ಶಿಕ್ಷೆ ಕೊಡಿಸುತ್ತಾರೆ. ಮಿಲಿಂದ ಪಂಡಿತರ ರೀತಿಯನ್ನೇ ಒಪ್ಪಿಕೊಳ್ಳುತ್ತಾನೆ. ಮಾತು ಶುರುವಾಗುವ ಮೊದಲೇ ಅಧಿಕಾರವನ್ನು ಬದಿಗಿಡಬೇಕಾಯಿತು, ಗಮನಿಸಿ.

ಈಗ ನಿಯಮಗಳಿಗೆ ಬರೋಣ. ಇಲ್ಲಿ ಮುಖ್ಯ ಆಧಾರ ತರ್ಕಶಾಸ್ತ್ರದ ಮೂಲಗ್ರಂಥವಾದ ಗೌತಮನ (ಬುದ್ಧನಲ್ಲ) ನ್ಯಾಯಸೂತ್ರ, ಅದಕ್ಕೆ ವಾತ್ಸ್ಯಾಯನ ಬರೆದ ಭಾಷ್ಯ. (ಕಾಮಸೂತ್ರದ ವಾತ್ಸ್ಯಾಯನ ಬೇರೆ, ಗೊಂದಲ ಬೇಡ.) ನ್ಯಾಯಸೂತ್ರ ಮಾತುಕತೆಯನ್ನು ಮೂರಾಗಿ ವಿಂಗಡಿಸುತ್ತದೆ. ಸತ್ಯ ತಿಳಿಯಲೆಂದು ಪ್ರಮಾಣ (ಅಂದರೆ ತಿಳಿವಿಗೆ ಆಧಾರ), ತರ್ಕ ಇಟ್ಟುಕೊಂಡು ಮಾಡುವುದು ವಾದ. ಗುರು-ಶಿಷ್ಯರು, ಜೊತೆಗೆ ಓದುವವರು ಮಾಡುವುದು ಇದನ್ನೇ. ಗೆಲ್ಲಬೇಕು ಅಂತ ಮಾಡುವುದು ಜಲ್ಪ, ಇಲ್ಲಿ ಮಾತಿನ ಚಮತ್ಕಾರಕ್ಕೂ ಜಾಗ ಇದೆ. ಜಲ್ಪದಲ್ಲೇ ತನ್ನದು ಅಂತ ಒಂದು ಪಕ್ಷವನ್ನೂ ಹೂಡದೆ, ಎದುರಿನವನ ಮಾತನ್ನು ಮಾತ್ರ ಒಡೆಯುತ್ತಾ ಹೋದರೆ ಅದು ವಿತಂಡ. ಕೊನೆಯ ಎರಡನ್ನು ಗೌತಮ ಪೂರ್ತಿ ತಳ್ಳಿಹಾಕುವುದಿಲ್ಲ. ಕಂಡುಕೊಂಡ ಸತ್ಯವನ್ನು ದಾಳಿಯಿಂದ ಕಾಪಾಡಿಕೊಳ್ಳಲು ಅವೂ ಬೇಕು ಅನ್ನುತ್ತಾನೆ.

ವಾದದ ಐದು ಅವಯವಗಳನ್ನು, ಅಂದರೆ ಹಂತಗಳನ್ನು, ಒಂದೇ ಉದಾಹರಣೆಯಲ್ಲಿ ನೆನಪಿಡಬಹುದು. ಬೆಟ್ಟದಲ್ಲಿ ಬೆಂಕಿ ಇದೆ (ಪ್ರತಿಜ್ಞೆ). ಏಕೆಂದರೆ ಹೊಗೆ ಇದೆ (ಹೇತು). ಹೊಗೆ ಇದ್ದಲ್ಲಿ ಬೆಂಕಿ, ಅಡುಗೆಮನೆಯಲ್ಲಿ ನೋಡಿದಂತೆ (ಉದಾಹರಣೆ). ಈ ಬೆಟ್ಟದಲ್ಲೂ ಹಾಗೇ ಹೊಗೆ ಇದೆ (ಉಪನಯ). ಆದ್ದರಿಂದ ಬೆಂಕಿ ಇದೆ (ನಿಗಮನ). ಪರೀಕ್ಷೆಗೆ ಇಷ್ಟು ಸಾಕು.

ನಿಜವಾಗಿ ಸಮಯ ಕೊಡಬೇಕಾದ್ದು ನಿಗ್ರಹಸ್ಥಾನಗಳಿಗೆ, ಅಂದರೆ ಸೋಲು ಕೊಡುವ ತಪ್ಪುಗಳಿಗೆ. ಒಟ್ಟು 22. ಎಲ್ಲವನ್ನೂ ಬಾಯಿಪಾಠ ಮಾಡುವ ಮೊದಲು ಇವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ.

ಎದುರಿನವನು ಮೂರು ಸಲ ಹೇಳಿದ್ದಾನೆ, ಸಭೆಗೆ ಅರ್ಥವಾಗಿದೆ, ಆದರೂ ಅವನ ಮಾತನ್ನು ನೀನು ತಿರುಗಿ ಹೇಳಲಾರೆ. ಇದು ಅನನುಭಾಷಣ. ನೀನು ಸೋತೆ. ಉತ್ತರ ಕೊಡುವ ಮಾತು ಆಮೇಲೆ, ಮೊದಲು ಅವನು ಹೇಳಿದ್ದನ್ನು ಸರಿಯಾಗಿ ಹೇಳಬೇಕು! ಇದರ ಜೊತೆಗೇ ಅವಿಜ್ಞಾತಾರ್ಥವನ್ನು ಓದಿ. ನೀನು ಮೂರು ಸಲ ಹೇಳಿದರೂ ಸಭೆಗೂ ಅರ್ಥವಾಗಲಿಲ್ಲ, ಎದುರಿನವನಿಗೂ ಅರ್ಥವಾಗಲಿಲ್ಲ ಅಂದರೆ ತಪ್ಪು ನಿನ್ನದು. ಎರಡೂ ಕಡೆ ಮೂರೇ ಅವಕಾಶ. ತಪ್ಪು ಹೇಳಿದವನದೋ ಕೇಳಿದವನದೋ ಅಂತ ನಿರ್ಧರಿಸುವುದು ಸಭೆಗೆ ಅರ್ಥವಾಯಿತೇ ಎಂಬ ಒಂದೇ ಪ್ರಶ್ನೆ. ಕಷ್ಟದ ಭಾಷೆಯ ಹಿಂದೆ ಅಡಗಿಕೊಳ್ಳುವವನಿಗೂ, ಕೇಳಿಸಿಕೊಳ್ಳದೆ ಹಾರಾಡುವವನಿಗೂ ಇಲ್ಲಿ ಜಾಗ ಇಲ್ಲ.

"ನನಗೆ ಬೇರೆ ಕೆಲಸ ಇದೆ, ಆಮೇಲೆ ಹೇಳ್ತೀನಿ" ಅಂತ ಎದ್ದು ಹೋಗುವುದು ವಿಕ್ಷೇಪ. ತನ್ನ ಪಕ್ಷದ ದೋಷಕ್ಕೆ ಉತ್ತರ ಕೊಡದೆ "ನಿಮ್ಮಲ್ಲೂ ಅದೇ ದೋಷ ಇದೆಯಲ್ಲ" ಅನ್ನುವುದು ಮತಾನುಜ್ಞಾ. ಹಾಗೆ ಅಂದ ಕೂಡಲೇ ತನ್ನ ದೋಷ ಒಪ್ಪಿಕೊಂಡಂತಾಯಿತು ಅಲ್ವಾ? ಅದಕ್ಕೇ ಸೋಲು. ಇವತ್ತಿನ ಟಿವಿ ಚರ್ಚೆಗಳಿಗೆ ಈ ಒಂದೇ ನಿಯಮ ಹಾಕಿದರೂ ಬಹಳ ಜನ ಮೊದಲ ಐದು ನಿಮಿಷದಲ್ಲೇ ಹೊರಗೆ.

ಎದುರಿನವನು ತಪ್ಪು ಮಾಡಿದ್ದನ್ನು ಗಮನಿಸದೆ ಬಿಡುವುದೂ ಒಂದು ನಿಗ್ರಹಸ್ಥಾನ. ಹಾಗಾದರೆ ಇದನ್ನು ಎತ್ತಿ ಹೇಳುವವರು ಯಾರು? ಬಿಟ್ಟವನಿಗೆ ಗೊತ್ತಾಗಿಲ್ಲ. ತಪ್ಪು ಮಾಡಿದವನಂತೂ ಹೇಳುವುದಿಲ್ಲ. ವಾತ್ಸ್ಯಾಯನನ ಉತ್ತರ: ಸಭೆಯೇ ಹೇಳಬೇಕು, ಸೋತವನು ತನ್ನ ಕೌಪೀನವನ್ನು ತಾನೇ ಬಿಚ್ಚಿ ತೋರಿಸುವುದಿಲ್ಲ.

ಸಭೆಗೆ ಇಷ್ಟು ಬೆಲೆ ಕೊಟ್ಟರೆ ಅಪಾಯವೂ ಇದೆ. ಅದನ್ನು ಮುಚ್ಚಿಡದೆ ಹೇಳುವುದು ಆಯುರ್ವೇದದ ಗ್ರಂಥ ಚರಕಸಂಹಿತೆ. ವೈದ್ಯರು ವೈದ್ಯರೊಡನೆ ಚರ್ಚಿಸಬೇಕು, ಅದರಿಂದ ತಿಳಿವು ಬೆಳೆಯುತ್ತದೆ, ಅನುಮಾನ ಕಳೆಯುತ್ತದೆ ಎನ್ನುತ್ತದೆ ಅದರ ವಿಮಾನಸ್ಥಾನ ಎಂಬ ಭಾಗದ 8ನೇ ಅಧ್ಯಾಯ. ಸ್ನೇಹದಿಂದ ಮಾಡುವುದು ಸಂಧಾಯ ಸಂಭಾಷೆ, ಹಟಕ್ಕೆ ಬಿದ್ದು ಮಾಡುವುದು ವಿಗೃಹ್ಯ ಸಂಭಾಷೆ. ಎರಡನೆಯದಕ್ಕೆ ಇಳಿಯುವ ಮೊದಲು ಸಭೆಯನ್ನು ಅಳೆದು ನೋಡು: ತಿಳಿದವರ ಸಭೆಯೇ, ತಿಳಿಯದವರದೇ? ನಿನ್ನ ಕಡೆ ಒಲವಿದೆಯೇ, ತಟಸ್ಥವೇ, ನಿನಗೆ ವಿರೋಧವೇ? ವಿರೋಧದ ಸಭೆಯಲ್ಲಿ ಯಾರ ಜೊತೆಗೂ ವಾದಕ್ಕಿಳಿಯಬೇಡ. ಓದು ಕಡಿಮೆ ಇರುವ ಎದುರಾಳಿಯ ಮೇಲೆ ಉದ್ದುದ್ದ ಸೂತ್ರಪಾಠ ಸುರಿ. ಸಭೆಯವರ ಜೊತೆ ಮೊದಲೇ ಮಾತಾಡಿಕೊಂಡು ನಿನಗೆ ಸುಲಭವಾದ ವಿಷಯವನ್ನೇ ಇಡಿಸು! ಓದಿದಾಗ ಕಸಿವಿಸಿಯಾಗುತ್ತದೆ. ಆದರೆ ನ್ಯಾಯಸೂತ್ರಕ್ಕೆ ಅಷ್ಟು ಕಟ್ಟುನಿಟ್ಟಿನ ನಿಯಮ ಏಕೆ ಬೇಕಾಯಿತು ಎಂಬುದು ಇದರಿಂದ ಅರ್ಥವಾಗುತ್ತದೆ.

ನಮ್ಮ ನೆಲದಲ್ಲಿ ಇದಕ್ಕೆ ಸಾಕ್ಷಿ ಬೇಕಾದರೆ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಇದೆ. ಜೈನ ಆಚಾರ್ಯರ ವಾದವಿಜಯಗಳನ್ನು ಹಾಡಿ ಹೊಗಳುವ ಶಾಸನ ಅದು. ಅದರಲ್ಲಿ ಆ ಆಚಾರ್ಯರಲ್ಲೊಬ್ಬನಾದ ಸಮಂತಭದ್ರ ಹೇಳುವಂತೆ ಒಂದು ಪದ್ಯವಿದೆ: ಮೊದಲು ಪಾಟಲಿಪುತ್ರದಲ್ಲಿ ಭೇರಿ ಬಾರಿಸಿದೆ, ಆಮೇಲೆ ಮಾಳವ, ಸಿಂಧು, ಠಕ್ಕ ಎಂಬ ನಾಡು, ಕಾಂಚೀಪುರ, ವಿದಿಶೆ, ಈಗ ಕರಹಾಟಕಕ್ಕೆ, ಅಂದರೆ ಇಂದಿನ ಕರಾಡಕ್ಕೆ, ಬಂದಿದ್ದೇನೆ. ಭೇರಿ ಬಾರಿಸುವುದು ಅಂದರೆ ವಾದಕ್ಕೆ ಬಹಿರಂಗ ಸವಾಲು. ಆದರೆ ಇದು ಗೆದ್ದವರ ಕಡೆಯವರು ಬರೆಸಿದ್ದು, ಸಮಂತಭದ್ರನ ಕಾಲಕ್ಕಿಂತ ಎಷ್ಟೋ ನೂರು ವರ್ಷ ಈಚಿನದು. ಹಾಗಾಗಿ ವಾದ ನಡೆಯುತ್ತಿದ್ದ ರೀತಿಗೆ, ಅದಕ್ಕಿದ್ದ ಗೌರವಕ್ಕೆ ಇದನ್ನು ಆಧಾರವಾಗಿ ಬಳಸಿ. ಸೋತವರು ಏನಂದರು ಅಂತ ಇದರಲ್ಲಿ ಸಿಗುವುದಿಲ್ಲ.

ಸಭೆಯೊಳಗೆ ಮಾತಾಡುವ ಹಕ್ಕು ಯಾರಿಗಿತ್ತು ಎಂಬ ಪ್ರಶ್ನೆಗೆ ಬೃಹದಾರಣ್ಯಕ ಉಪನಿಷತ್ತಿನ 3ನೇ ಅಧ್ಯಾಯ ಓದಲೇಬೇಕು. ವಿದೇಹದ ಜನಕ, ಸೇರಿದವರಲ್ಲಿ ಎಲ್ಲರಿಗಿಂತ ದೊಡ್ಡ ಜ್ಞಾನಿಗೆ ಅಂತ, ಕೊಂಬಿಗೆ ಚಿನ್ನ ಕಟ್ಟಿದ ಸಾವಿರ ಹಸುಗಳನ್ನು ನಿಲ್ಲಿಸಿದ್ದಾನೆ. ಯಾಜ್ಞವಲ್ಕ್ಯ ವಾದಕ್ಕೂ ಮೊದಲೇ ಹಸುಗಳನ್ನು ಹೊಡೆದುಕೊಂಡು ಹೋಗಲು ಶಿಷ್ಯನಿಗೆ ಹೇಳುತ್ತಾನೆ. ಸಿಟ್ಟಿಗೆದ್ದವರು ಒಬ್ಬೊಬ್ಬರಾಗಿ ಪ್ರಶ್ನೆ ಹಾಕುತ್ತಾರೆ. ಗಾರ್ಗಿ ಕೇಳುತ್ತಾ ಕೇಳುತ್ತಾ ಬ್ರಹ್ಮಲೋಕದವರೆಗೆ ಹೋದಾಗ, ಇನ್ನು ಕೇಳಿದರೆ ನಿನ್ನ ತಲೆ ಬಿದ್ದೀತು ಅನ್ನುತ್ತಾನೆ ಯಾಜ್ಞವಲ್ಕ್ಯ. ಅವಳು ಸುಮ್ಮನಾಗುತ್ತಾಳೆ. ಹಲವರು ಇಲ್ಲಿಗೇ ಓದು ನಿಲ್ಲಿಸಿಬಿಡುತ್ತಾರೆ. ಮುಂದೆ ಒಂದು ಬ್ರಾಹ್ಮಣ (ಅಧ್ಯಾಯದೊಳಗಿನ ಒಂದು ಭಾಗ) ದಾಟಿ ಓದಿ. ಗಾರ್ಗಿ ಮತ್ತೆ ಏಳುತ್ತಾಳೆ. ಈ ಸಲ ಅವಳು ಮೊದಲು ಮಾತಾಡುವುದು ಸಭೆಯೊಡನೆ: ಇವನಿಗೆ ಎರಡು ಪ್ರಶ್ನೆ ಕೇಳುತ್ತೇನೆ, ಉತ್ತರಿಸಿದರೆ ನಿಮ್ಮಲ್ಲಿ ಯಾರೂ ಇವನನ್ನು ಗೆಲ್ಲಲಾರಿರಿ. ಸಭೆ "ಕೇಳು ಗಾರ್ಗಿ" ಎನ್ನುತ್ತದೆ. ಉತ್ತರ ಕೇಳಿದ ಮೇಲೆ ಅವಳೇ ಸಭೆಗೆ ತೀರ್ಪು ಹೇಳುತ್ತಾಳೆ: ಇವನಿಗೆ ನಮಸ್ಕಾರ ಮಾಡಿ ಬಿಡಿಸಿಕೊಂಡರೆ ಅದೇ ದೊಡ್ಡದು ಅಂದುಕೊಳ್ಳಿ.