ಚೀಟಿ ಹಾಕೋದಾ, ಬ್ಯಾಂಕಲ್ಲಿ ಆರ್‌ಡಿ ಕಟ್ಟೋದಾ?

ಪ್ರಶ್ನೆ: ನಮ್ಮ ಏರಿಯಾದಲ್ಲಿ ಪರಿಚಯದವರೊಬ್ರು ಚೀಟಿ ನಡೆಸ್ತಾರೆ. 20 ಜನ, 20 ತಿಂಗಳು, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ಕೊನೇವರೆಗೂ ಎತ್ತದೆ ಕೂತ್ರೆ ಬ್ಯಾಂಕಿನ ಆರ್‌ಡಿಗಿಂತ (ತಿಂಗಳಿಗಿಷ್ಟು ಅಂತ ಕಟ್ಟೋ ರಿಕರಿಂಗ್ ಡೆಪಾಸಿಟ್) ಡಬಲ್ ಸಿಗುತ್ತೆ ಅಂತಾರೆ. ಸೇರ್ಕೋಬೋದಾ?

ಉತ್ತರ: ಉಳಿತಾಯಕ್ಕೆ ಅಂತಲೇ ಸೇರೋದಾದ್ರೆ ಬೇಡ ಅಂತೀನಿ. ಮಧ್ಯದಲ್ಲಿ ಒಂದು ಖರ್ಚಿದೆ, ಮಗಳ ಕಾಲೇಜ್ ಫೀಸೋ ಮನೆ ಲೀಸಿನ ದುಡ್ಡೋ, ಬ್ಯಾಂಕ್ ಸಾಲ ಹುಟ್ಟಲ್ಲ, ಸ್ಯಾಲರಿ ಸ್ಲಿಪ್ ಇಲ್ಲ, ಅಡ ಇಡೋಕೆ ಒಡವೇನೂ ಇಲ್ಲ ಅಂತಾದ್ರೆ ಆಗ ಯೋಚನೆ ಮಾಡ್ಬೋದು, ಅದೂ ರಿಜಿಸ್ಟರ್ ಆಗಿರೋ ಚೀಟಿ ಆದ್ರೆ ಮಾತ್ರ. ಯಾಕೆ ಅಂತ ಹೇಳೋಕೆ ಸ್ವಲ್ಪ ಲೆಕ್ಕ ಮಾಡ್ಬೇಕು, ಪೇಪರ್ ಪೆನ್ನು ತಗೊಂಡು ಕೂತ್ರೆ ಒಳ್ಳೇದು.

ನಿಮ್ಮ ಚೀಟಿಯನ್ನೇ ತಗೊಳ್ಳೋಣ. ಪ್ರತಿ ತಿಂಗಳು ಒಂದು ಲಕ್ಷಕ್ಕೆ ಹರಾಜು ನಡೆಯುತ್ತೆ, ಅದರಲ್ಲಿ ಯಾರು ಜಾಸ್ತಿ ಬಿಟ್ಟುಕೊಡ್ತೀನಿ ಅಂತ ಕೂಗ್ತಾರೋ ಆ ತಿಂಗಳ ಚೀಟಿ ಅವ್ರಿಗೆ, ಒಬ್ರಿಗೆ ಒಂದೇ ಸಲ. ಮೊದಲ ತಿಂಗಳು ದುಡ್ಡು ತುರ್ತಾಗಿ ಬೇಕಾದವ್ರು ಇರ್ತಾರೆ, ಅವ್ರಲ್ಲಿ ಒಬ್ರು 30,000 ಬಿಟ್ಟು ಕೂಗಿ 70,000ಕ್ಕೆ ಚೀಟಿ ಎತ್ಕೊಂಡ್ರು ಅನ್ಕೊಳ್ಳಿ. ಆ ಬಿಟ್ಟ 30,000ದಲ್ಲಿ ನಡೆಸೋರ ಕಮಿಷನ್ 5,000 ಹೋಗುತ್ತೆ, ಉಳಿದ 25,000 ಇಪ್ಪತ್ತು ಜನಕ್ಕೆ ಹಂಚಿದ್ರೆ ತಲೆಗೆ 1,250, ಅಂದ್ರೆ ಆ ತಿಂಗಳು ಎಲ್ರೂ 3,750 ಕಟ್ಟಿದ್ರೆ ಸಾಕು. ತಿಂಗಳು ಕಳೆದಂಗೆ ಕೂಗು ಇಳೀತಾ ಬರುತ್ತೆ, ಕೊನೇ ತಿಂಗಳು ಪೈಪೋಟಿಗೆ ಯಾರೂ ಉಳಿದಿರಲ್ಲ, ಬರೀ ಕಮಿಷನ್ ಹಿಡ್ಕೊಂಡು 95,000 ಕೈಗೆ ಕೊಡ್ತಾರೆ. ನಡುವೆ ಒಂದೇ ಸಮ ಇಳೀತು ಅಂತ ಇಟ್ಕೊಂಡ್ರೆ ಪ್ರತಿಯೊಬ್ರೂ 20 ತಿಂಗಳಲ್ಲಿ ಕಟ್ಟೋದು ಒಟ್ಟು 87,500.

ಈಗ ಕೊನೇವರೆಗೂ ಕಾದವರ ಕಥೆ ನೋಡಿ. ಕಟ್ಟಿದ್ದು 87,500, ಸಿಕ್ಕಿದ್ದು 95,000, ಲಾಭ 7,500. ವರ್ಷದ ಬಡ್ಡಿ ಲೆಕ್ಕದಲ್ಲಿ ಹೆಚ್ಚುಕಡಿಮೆ 11 ಪರ್ಸೆಂಟ್. ಅದೇ ದುಡ್ಡನ್ನ ಅದೇ ತಿಂಗಳುಗಳಲ್ಲಿ ಆರೂವರೆ ಪರ್ಸೆಂಟ್ ಕೊಡೋ ಬ್ಯಾಂಕಲ್ಲಿ ಇಟ್ಟಿದ್ರೆ 4,300 ಆಸುಪಾಸು ಬಡ್ಡಿ ಬರ್ತಿತ್ತು. ಹಾಗಾಗಿ ನಿಮ್ಗೆ ಡಬಲ್ ಅಂದಿದ್ದು ಪೂರ್ತಿ ಸುಳ್ಳಲ್ಲ, ಆದ್ರೆ ರೂಪಾಯಿಲಿ ಹೇಳಿದ್ರೆ ವ್ಯತ್ಯಾಸ ಮೂರು ಸಾವಿರದ ಚಿಲ್ಲರೆ, ಇಪ್ಪತ್ತು ತಿಂಗಳಿಗೆ. ಆ ಮೂರು ಸಾವಿರಕ್ಕೋಸ್ಕರ 87,500ನ ಒಬ್ಬ ವ್ಯಕ್ತಿಯ ಮಾತಿನ ಮೇಲೆ ಬಿಟ್ಟಿರ್ತೀರ. ಬ್ಯಾಂಕ್ ಮುಳುಗಿದ್ರೂ 5 ಲಕ್ಷದ ತನಕ ಡೆಪಾಸಿಟ್ ಇನ್ಶೂರೆನ್ಸ್ ಇದೆ (2020ರ ಮೊದಲು ಬರೀ ಒಂದು ಲಕ್ಷ ಇತ್ತು), ಚೀಟಿಗೆ ಆ ಇನ್ಶೂರೆನ್ಸ್ ಇಲ್ಲ.

ಇನ್ನೊಂದು ವಿಷ್ಯ ಚೀಟಿ ನಡೆಸೋರು ಹೇಳೋದೇ ಇಲ್ಲ. ಕೂಗು ಜೋರಾಗಿ ನಡೆದ್ರೆ ಮಾತ್ರ ಈ 11 ಪರ್ಸೆಂಟ್. ಗುಂಪಲ್ಲಿ ಯಾರಿಗೂ ಅಷ್ಟು ತುರ್ತಿಲ್ಲ, ಮೊದಲ ಚೀಟಿ ಬರೀ 15,000 ಬಿಟ್ಟು ಹೋಯ್ತು, ಆಮೇಲೆ ಇಳೀತಾ ಕೊನೇಗೆ 5,000ಕ್ಕೆ ಬಂತು ಅನ್ಕೊಳ್ಳಿ, ಆಗ ಎಲ್ರೂ ಕಟ್ಟೋದು 95,000, ಕೊನೆಯವ್ರಿಗೆ ಸಿಗೋದೂ 95,000. ಸೊನ್ನೆ. ಇಪ್ಪತ್ತು ತಿಂಗಳು ಕಾದು ನಿಮ್ಮ ದುಡ್ಡೇ ನಿಮ್ಗೆ ವಾಪಸ್, ಆ ಕಡೆ ನಡೆಸೋರಿಗೆ ಮಾತ್ರ ತಿಂಗಳಿಗೆ 5,000ದಂತೆ ಒಂದು ಲಕ್ಷ ಗ್ಯಾರಂಟಿ, ಅಂದ್ರೆ ಒಂದು ಇಡೀ ಚೀಟಿ ಅವ್ರದ್ದೇ ಆಯ್ತು.

ಅಂದ್ರೆ ಕೊನೇಲಿ ಎತ್ತೋರ ಲಾಭ ಬರೋದು ಮೊದಲು ಎತ್ತೋರ ಕಷ್ಟದಿಂದ, ಬೇರೆಲ್ಲಿಂದಲೂ ಅಲ್ಲ. ಮೊದಲು ಎತ್ತಿದವ್ರ ಲೆಕ್ಕ ನೋಡಿದ್ರೆ ಗೊತ್ತಾಗುತ್ತೆ. ಅವ್ರಿಗೆ ಆ ತಿಂಗಳ ಕಂತು ಕಳೆದು ಕೈಗೆ ಬಂದಿದ್ದು 66,250, ಮುಂದಿನ 19 ತಿಂಗಳಲ್ಲಿ ಕಟ್ಟೋದು 83,750. ನಮ್ಮ ಕಡೆ ಬಡ್ಡಿ ಲೆಕ್ಕದಲ್ಲಿ ಹೇಳೋದಾದ್ರೆ ನೂರಕ್ಕೆ ತಿಂಗಳಿಗೆ ಎರಡೂಕಾಲು ರೂಪಾಯಿಗಿಂತ ಮೇಲೆ, ವರ್ಷಕ್ಕೆ 28 ಪರ್ಸೆಂಟ್ ಹತ್ರ. ಕೈಸಾಲಕ್ಕೆ ಮೂರು ರೂಪಾಯಿ ಐದು ರೂಪಾಯಿ ಬಡ್ಡಿ ಕೇಳೋರ ಮುಂದೆ ಇದು ಅಗ್ಗ, ಬ್ಯಾಂಕಿನ ಚಿನ್ನದ ಸಾಲದ ಮುಂದೆ ಭಯಂಕರ ದುಬಾರಿ. ಆದ್ರೂ ಎತ್ತೋರು ಎತ್ತುತ್ತಾರೆ, ಯಾಕಂದ್ರೆ ತರಕಾರಿ ಗಾಡಿಯವ್ರಿಗೋ ಟೈಲರಿಗೋ ಆಟೋ ಓಡಿಸೋರಿಗೋ ಒಂದೇ ಸಲ 70,000 ಕೊಡೋ ಬೇರೆ ಜಾಗ ಸುಲಭಕ್ಕೆ ಸಿಗಲ್ಲ, ಅದನ್ನ ತಪ್ಪು ಅನ್ನೋಕಾಗಲ್ಲ. ಚೀಟಿ ಇಷ್ಟು ತಲೆಮಾರು ಉಳ್ಕೊಂಡು ಬಂದಿರೋದೇ ಅದಕ್ಕೆ.

ಇಲ್ಲೇ ಒಂದು ತೊಡಕಿದೆ. ಡಿವಿಡೆಂಡ್, ಅಂದ್ರೆ ತಿಂಗಳು ತಿಂಗಳು ಎಲ್ರಿಗೂ ಹಂಚೋ ಪಾಲು, ಜಾಸ್ತಿ ಬರ್ತಿದೆ ಅಂದ್ರೆ ಯಾರೋ ಹತಾಶರಾಗಿ ಕೂಗ್ತಿದ್ದಾರೆ ಅಂತ ಅರ್ಥ, ಹಾಗೆ ಕೂಗಿ ಎತ್ಕೊಂಡವ್ರೇ ಮುಂದೆ ಕಂತು ತಪ್ಪಿಸೋ ಸಾಧ್ಯತೆ ಜಾಸ್ತಿ, ಅವ್ರು ತಪ್ಪಿಸಿದ್ರೆ ಗುಂಡಿ ತುಂಬಬೇಕಾದವ್ರು ನಡೆಸೋರು, ನಡೆಸೋರ ಹತ್ರ ಇಲ್ದಿದ್ರೆ ಇನ್ನೊಂದು ಹೊಸ ಚೀಟಿ ಶುರು ಮಾಡಿ ಅದರ ದುಡ್ಡನ್ನ ಇದಕ್ಕೆ ಹಾಕ್ತಾರೆ, ಅದು ಸಾಲ್ದಿದ್ರೆ ಮತ್ತೊಂದು. "ಚೀಟಿ ದುಡ್ಡು ಎತ್ಕೊಂಡು ಓಡಿಹೋದ್ರು" ಅಂತ ಸುದ್ದಿ ಬರುತ್ತಲ್ಲ, ಅದರಲ್ಲಿ ಎಷ್ಟೋ ಜನ ಮೊದಲ ದಿನದಿಂದ ಮೋಸಕ್ಕೆ ಅಂತ ಕೂತವ್ರಲ್ಲ, ಹೀಗೇ ಒಂದರ ಮೇಲೊಂದು ಏರಿಸ್ಕೊಂಡು ಹೋಗಿ ಸಿಕ್ಕಾಕ್ಕೊಂಡವ್ರು. ನಿಮ್ಗೆ ಅದ್ರಿಂದ ಏನೂ ಸಮಾಧಾನ ಇಲ್ಲ ಬಿಡಿ, ದುಡ್ಡು ಹೋಗಿದ್ದು ಹೋಗಿದ್ದೇ. ಅದ್ರಲ್ಲೂ ಪೂರ್ತಿ ಮುಳುಗೋರು ಯಾರು ಹೇಳಿ, ಇನ್ನೂ ಎತ್ತದೆ ಕೂತಿರೋ ಉಳಿತಾಯಗಾರರು. ಎತ್ಕೊಂಡವ್ರ ದುಡ್ಡು ಆಗ್ಲೇ ಅವ್ರ ಕೈಲಿರುತ್ತೆ.

ರಿಜಿಸ್ಟರ್ ಚೀಟಿ ಅಂದ್ರೆ ಏನು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ, "ಅವ್ರು ಚೀಟಿ ಪುಸ್ತಕ ಕೊಟ್ಟಿದ್ದಾರೆ, ಸೀಲ್ ಇದೆ" ಅಂತಾರೆ. ಪುಸ್ತಕ ಯಾವ ಪ್ರಿಂಟಿಂಗ್ ಪ್ರೆಸ್ಸಲ್ಲಾದ್ರೂ ಸಿಗುತ್ತೆ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ಶುರು ಮಾಡೋ ಮೊದಲೇ ಪೂರ್ವಾನುಮತಿ ಬೇಕು, ಸದಸ್ಯರ ಜೊತೆಗಿನ ಒಪ್ಪಂದ ರಿಜಿಸ್ಟರ್ ಆಗ್ಬೇಕು, ನಡೆಸೋರು ಚೀಟಿ ಮೊತ್ತದಷ್ಟು ಸೆಕ್ಯೂರಿಟಿ ಇಡ್ಬೇಕು, ಎಲ್ಲಾ ಟಿಕೆಟ್ (ಸದಸ್ಯರ ಜಾಗ) ತುಂಬಿದ ಮೇಲೆ ಪ್ರಾರಂಭದ ಸರ್ಟಿಫಿಕೇಟ್ ತಗೋಬೇಕು, ಆಮೇಲೇ ಮೊದಲ ಹರಾಜು. ಕರ್ನಾಟಕದಲ್ಲಿ ಇದನ್ನ ನೋಡ್ಕೊಳ್ಳೋದು ಸಹಕಾರ ಇಲಾಖೆ, ಜಿಲ್ಲೆಯಲ್ಲಿ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ಹೋಗಿ ಚೀಟಿ ನಂಬರ್ ಹೇಳಿ ಕೇಳ್ಬೋದು. 2019ರಲ್ಲಿ ಕಾಯ್ದೆ ತಿದ್ದುಪಡಿ ಆಗಿ ಕಮಿಷನ್ ಮಿತಿ 5ರಿಂದ 7 ಪರ್ಸೆಂಟಿಗೆ ಏರ್ತು, ಒಬ್ಬ ವ್ಯಕ್ತಿ ತನ್ನ ಹೆಸರಲ್ಲಿ ನಡೆಸಬಹುದಾದ ಚೀಟಿಗಳ ಒಟ್ಟು ಮೊತ್ತದ ಮಿತಿ ಒಂದು ಲಕ್ಷದಿಂದ ಮೂರು ಲಕ್ಷಕ್ಕೆ ಏರ್ತು. ಅಂದ್ರೆ ಪಕ್ಕದ ಬೀದಿಯ ಆಂಟಿ ಒಬ್ರೇ "ನಂದು ಐದು ಲಕ್ಷದ ಚೀಟಿ ಎರಡು ಓಡ್ತಿದೆ" ಅಂದ್ರೆ ಅದು ಕಾಯ್ದೆ ಒಳಗೆ ಬರೋ ಚೀಟಿ ಅಲ್ಲ, ಅಷ್ಟು ಸಾಕು ನಿಮ್ಗೆ ತಿಳ್ಕೊಳ್ಳೋಕೆ.

ಸರ್ಕಾರಿ ಆಯ್ಕೆನೂ ಇದೆ. ನಮ್ಮಲ್ಲಿ ಎಂಎಸ್‌ಐಎಲ್ ಚಿಟ್ ಫಂಡ್ ನಡೆಸುತ್ತೆ, ಪಕ್ಕದ ಕೇರಳದಲ್ಲಿ 1969ರಿಂದ ಕೆಎಸ್‌ಎಫ್‌ಇ ಇದೆ. ಇಲ್ಲೂ ಕಮಿಷನ್ ಇದೆ, ಅದರ ಮೇಲೆ ಜಿಎಸ್‌ಟಿ, ಮತ್ತೆ ಚೀಟಿ ಎತ್ತಿದ ಮೇಲೆ ದುಡ್ಡು ಕೈಗೆ ಬರ್ಬೇಕಾದ್ರೆ ಶ್ಯೂರಿಟಿ ಕೊಡ್ಬೇಕು, ಸಂಬಳದವ್ರ ಜಾಮೀನೋ ಆಸ್ತಿ ಪತ್ರವೋ. ಜನ ಇದಕ್ಕೇ ಬೇಜಾರಾಗಿ ಬೀದಿ ಚೀಟಿಗೆ ಹೋಗ್ತಾರೆ, "ಅಲ್ಲಿ ಏನೂ ಕೇಳಲ್ಲ ಸಾರ್" ಅಂತ. ಏನೂ ಕೇಳದೆ ನಿಮ್ಗೆ ಕೊಡೋರು ಎಲ್ರಿಗೂ ಏನೂ ಕೇಳದೆ ಕೊಟ್ಟಿರ್ತಾರೆ, ಅದನ್ನ ಮರೀಬಾರ್ದು.

ಚೀಟಿ ಅಂತ ಹೆಸರಿಟ್ಕೊಂಡು ಬೇರೆ ಬೇರೆ ಇವೆ, ಬೇಗ ಹೇಳ್ಬಿಡ್ತೀನಿ. ಯುಗಾದಿ ವರ್ಷತೊಡಕಿಗೆ ಹಾಕೋ ಮಟನ್ ಚೀಟಿ, ದೀಪಾವಳಿ ಪಟಾಕಿ ಚೀಟಿ ಇವೆಲ್ಲ ಮುಂಗಡ ಕಟ್ಟೋ ವ್ಯವಹಾರ, ಹರಾಜು ಇರಲ್ಲ, ಮೊತ್ತ ಚಿಕ್ಕದು, ಪರಿಚಯದವ್ರ ಹತ್ರ ಆದ್ರೆ ತಲೆ ಕೆಡಿಸ್ಕೋಬೇಡಿ. ಒಡವೆ ಅಂಗಡಿಗಳ 11 ತಿಂಗಳ ಸ್ಕೀಮೂ ಚೀಟಿ ಅಲ್ಲ, ಅದು ಒಡವೆಗೆ ಕೊಟ್ಟ ಅಡ್ವಾನ್ಸ್. ಕಂಪನಿಗಳು ಮಾಲಿಗೆ ಅಂತ ತಗೊಂಡ ಅಡ್ವಾನ್ಸನ್ನ 365 ದಿನದೊಳಗೆ ತೀರಿಸದಿದ್ರೆ ಅದು ಡೆಪಾಸಿಟ್ ಅಂತ ಆಗ್ಬಿಡುತ್ತೆ, ಅದಕ್ಕೇ ಹನ್ನೊಂದಕ್ಕೆ ನಿಲ್ಲಿಸ್ತಾರೆ. ಆಮೇಲೆ "ಲಕ್ಕಿ ಡ್ರಾ, ಗೆದ್ದವ್ರು ಮುಂದಿನ ಕಂತು ಕಟ್ಟೋದೇ ಬೇಡ" ಅನ್ನೋ ಜಾತಿ ಇದೆ, ಅದು 1978ರ ಕಾನೂನಿನಿಂದಲೇ ನಿಷೇಧ, ವಾಟ್ಸಾಪಲ್ಲಿ ಬಂದ್ರೆ ಅಲ್ಲೇ ಡಿಲೀಟ್ ಮಾಡಿ.

ಆದ್ರೆ ಆರ್‌ಡಿ ಕಟ್ಟು ಅಂದ್ರೆ ಜನ ಹೇಳೋ ಒಂದು ಮಾತು ನಿಜ, ಬ್ಯಾಂಕಿನ ದುಡ್ಡನ್ನ ಯಾವಾಗ ಬೇಕಾದ್ರೂ ಮುರೀಬೋದು, ಹಾಗಾಗಿ ಮುರ್ದೇ ಬಿಡ್ತಾರೆ, ಚೀಟಿ ಆದ್ರೆ ನಾಲ್ಕು ಜನರ ಮುಂದೆ ಮರ್ಯಾದೆ ಪ್ರಶ್ನೆ, ಹೆಂಗೋ ಕಟ್ತಾರೆ. ನನ್ನ ಪ್ರಕಾರ ಚೀಟಿಯಿಂದ ಸಿಗೋ ನಿಜವಾದ ಉಪಕಾರ ಈ ಒತ್ತಡವೇ, 11 ಪರ್ಸೆಂಟ್ ಅಲ್ಲ. ಸಂಬಳ ಬಿದ್ದ ಮಾರನೇ ದಿನಕ್ಕೆ ಆಟೋ ಡೆಬಿಟ್ ಹಾಕಿ, ಆರ್‌ಡಿನ ದಿನಬಳಕೆ ಖಾತೆ ಇರೋ ಬ್ಯಾಂಕ್ ಬಿಟ್ಟು ಬೇರೆ ಕಡೆ ಮಾಡಿ, ಆ ಆ್ಯಪ್ ಫೋನಲ್ಲಿ ಇಡ್ಬೇಡಿ, ಒತ್ತಡದ ಅರ್ಧ ಕೆಲಸ ಆಗುತ್ತೆ. ಪೋಸ್ಟ್ ಆಫೀಸ್ ಆರ್‌ಡಿ ಐದು ವರ್ಷದ್ದು, ಮೂರು ವರ್ಷ ಆಗೋವರೆಗೂ ಮುಚ್ಚೋಕೇ ಬಿಡಲ್ಲ, ಕೈ ತಡೆಯದವ್ರಿಗೆ ಅದೇ ಸರಿ. ಬಡ್ಡಿನ ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸುತ್ತೆ, 2023ರ ಅಕ್ಟೋಬರಲ್ಲಿ 6.7 ಪರ್ಸೆಂಟ್ ಮಾಡಿದ್ರು, ತೆರೆಯೋ ದಿನ ಎಷ್ಟಿದೆಯೋ ಅದೇ ಐದು ವರ್ಷಕ್ಕೂ ಇರುತ್ತೆ.

"ನಾನು ಆಗ್ಲೇ ಸೇರ್ಬಿಟ್ಟಿದೀನಿ, ಎಂಟು ಕಂತು ಕಟ್ಟಾಗಿದೆ, ರಿಜಿಸ್ಟರ್ ಇಲ್ಲ" ಅನ್ನೋರೂ ಇರ್ತಾರೆ. ಗಲಾಟೆ ಮಾಡಿ ನಡುವೆ ನಿಲ್ಲಿಸಿದ್ರೆ ಕಟ್ಟಿದ್ದು ವಾಪಸ್ ಬರೋದು ಕಷ್ಟ. ಕೊನೇ ಚೀಟಿಯ ಆಸೆ ಬಿಟ್ಟು ಕೂಗು ಇಳಿದ ತಕ್ಷಣ ಎತ್ಕೊಳ್ಳೋದು ವಾಸಿ. ಮೇಲಿನ ಲೆಕ್ಕದಲ್ಲಿ 15ನೇ ತಿಂಗಳು ಎತ್ತಿದ್ರೆ 88,400 ಸಿಗುತ್ತೆ, ಒಟ್ಟು ಕಟ್ಟೋ 87,500ಕ್ಕಿಂತ ಅಲ್ಲಿಂದ ಮೇಲೆ ಬರ್ತೀರ, 10ನೇ ತಿಂಗಳಿಗೇ ಎತ್ತಿದ್ರೆ ಐದೂವರೆ ಸಾವಿರದ ಹತ್ರ ಲಾಸ್, ಆದ್ರೆ ನಡೆಸೋರ ಮೇಲೆ ಅನುಮಾನ ಬಂದಿದ್ರೆ ಆ ಲಾಸೂ ಅಗ್ಗವೇ. ಎತ್ತಿದ ಮೇಲೆ ಉಳಿದ ಕಂತು ತಪ್ಪದೆ ಕಟ್ಟಿ, ಇಲ್ದಿದ್ರೆ ಗುಂಡಿ ತೋಡಿದವ್ರಲ್ಲಿ ನೀವೂ ಒಬ್ರಾಗ್ತೀರ. ಇನ್ಮೇಲೆ ಕ್ಯಾಷ್ ಕೊಡೋದು ನಿಲ್ಸಿ, ಫೋನ್‌ಪೇನೋ ಬ್ಯಾಂಕ್ ಟ್ರಾನ್ಸ್‌ಫರೋ ಮಾಡಿ, ನೋಟ್ ಜಾಗದಲ್ಲಿ "ಚೀಟಿ ಕಂತು 9" ಅಂತ ಬರೀರಿ, ಹಳೇ ಎಂಟು ಕಂತಿಗೆ ಪುಸ್ತಕದಲ್ಲಿ ಸಹಿ ಹಾಕಿಸ್ಕೊಂಡು ಫೋಟೋ ತೆಗೆದಿಡಿ, ಹರಾಜಿನ ದಿನದ ವಾಟ್ಸಾಪ್ ಮೆಸೇಜ್ ಅಳಿಸ್ಬೇಡಿ. ರಿಜಿಸ್ಟರ್ ಚೀಟಿ ಆಗಿದ್ರೆ ತಕರಾರನ್ನ ನಿಬಂಧಕರ ಮುಂದೆಯೇ ಹಾಕ್ಬೋದು, ಸಿವಿಲ್ ಕೋರ್ಟಿಗೆ ಅಲೆಯೋದು ಬೇಕಾಗಲ್ಲ. ರಿಜಿಸ್ಟರ್ ಇಲ್ಲದ ಚೀಟಿಗೆ ಸಾಮಾನ್ಯವಾಗಿ ಪೊಲೀಸ್ ಕಂಪ್ಲೇಂಟ್ ಕೊಡ್ಬೇಕಾಗುತ್ತೆ, ಅಲ್ಲಿ ಮೊದಲು ಕೇಳೋದು ನೀವು ದುಡ್ಡು ಕೊಟ್ಟಿದ್ದಕ್ಕೆ ಏನು ದಾಖಲೆ ಇದೆ ಅಂತ.