ರೋಲರ್ ಪಾರಿವಾಳ ತಂದು ಬಿಟ್ರೆ ವಾಪಸ್ ಬರ್ತವಾ?

ಪ್ರಶ್ನೆ: ಟೆರೇಸ್ ಮೇಲೆ ಜಾಗ ಇದೆ. ಐದಾರು ಜೋಡಿ ರೋಲರ್, ಅಂದ್ರೆ ಹಾರುತ್ತಾ ಹಿಂದಕ್ಕೆ ಲಾಗ ಹೊಡೆಯುವ ಪಾರಿವಾಳ, ತಂದು ಸಾಕೋಣ ಅಂತ ಆಸೆ. ತಂದ ಮೇಲೆ ಎಷ್ಟು ದಿನ ಕೂಡಿಹಾಕಿ ಹೊರಗೆ ಬಿಡಬೇಕು? ಹಾರಿ ಹೋಗಲ್ವಾ?

ಉತ್ತರ: ನೀವು ತರುವುದು ಬೆಳೆದ ಹಕ್ಕಿಗಳಾದರೆ ಬಿಡಲೇಬೇಡಿ. ಒಂದು ಮನೆಯಿಂದ ಹಾರಿ ಅಭ್ಯಾಸವಾದ ಪಾರಿವಾಳಕ್ಕೆ ಅದೇ ಮನೆ. ತಿಂಗಳುಗಟ್ಟಲೆ ಕೂಡಿಹಾಕಿ, ಚೆನ್ನಾಗಿ ತಿನ್ನಿಸಿ, ಮೈಗೆ ಒಗ್ಗಿತು ಅಂದುಕೊಂಡು ಬಾಗಿಲು ತೆಗೆದರೂ ಅದು ಹಳೇ ಗೂಡಿನ ದಿಕ್ಕು ಹಿಡಿಯುವ ಸಂಭವವೇ ಜಾಸ್ತಿ. ಅಂಥ ಹಕ್ಕಿಗಳನ್ನು ಒಳಗೇ ಇಟ್ಟು ಮರಿ ಮಾಡಿಸಬಹುದು. ಆ ಮರಿಗಳಿಗೆ ನಿಮ್ಮ ಟೆರೇಸೇ ತವರು.

ಹೊಸಬರಿಗೆ ಇನ್ನೂ ಸುಲಭದ ದಾರಿ ಅಂದ್ರೆ ಮರಿಗಳನ್ನೇ ಕೊಳ್ಳುವುದು. ಸುಮಾರು ಐದು ವಾರದವು ಸಾಕು. ಕೈಗೆತ್ತಿಕೊಂಡು ನೋಡಿ: ತಲೆ, ಕತ್ತಿನ ಮೇಲೆ ಹಳದಿ ನೂಲಿನಂಥ ತುಪ್ಪಳ ಅಲ್ಲಲ್ಲಿ ಉಳಿದಿರಬೇಕು, ದನಿ ಇನ್ನೂ ಕೀಚಲಾಗಿರಬೇಕು, ಆದರೆ ಕಾಳು ತಾನೇ ಹೆಕ್ಕಿ ತಿನ್ನುತ್ತಿರಬೇಕು. ಹತ್ತು ಹನ್ನೆರಡು ಮರಿ ಇದ್ದರೆ ಒಂದು ಗುಂಪಾಯಿತು.

ಆದರೆ ಹಕ್ಕಿ ತರುವ ಮೊದಲು ಗೂಡು ಮುಗಿದಿರಬೇಕು. ದುಬಾರಿ ಹಕ್ಕಿ ತಂದು ಹಣ್ಣಿನ ಕ್ರೇಟಲ್ಲಿ ಇಡುವವರನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಇಷ್ಟು ಹಕ್ಕಿಗೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ಪೆಟ್ಟಿಗೆ ಧಾರಾಳವಾಯಿತು. ನೆಲದಿಂದ ಎರಡಡಿ ಮೇಲೆ, ಕಾಲುಗಳ ಮೇಲೆ ನಿಲ್ಲಿಸಿ. ತಳಕ್ಕೂ ಮುಂಭಾಗಕ್ಕೂ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ. ತೆಳು ಕೋಳಿ ಜಾಲರಿಯನ್ನು ಇಲಿ ಕಡಿಯುತ್ತದೆ, ಬೆಕ್ಕು ಎಳೆದು ಬಗ್ಗಿಸುತ್ತದೆ. ಹಿಕ್ಕೆ ಕೆಳಗೆ ಬೀಳುವುದರಿಂದ ಹಕ್ಕಿಯ ಕಾಲು ಒಣಗಿರುತ್ತದೆ. ನಮ್ಮಲ್ಲಿ ಮುಂಗಾರು ಬೀಸುವುದು ಪಶ್ಚಿಮ, ನೈಋತ್ಯದಿಂದ, ಹಾಗಾಗಿ ಆ ಕಡೆ ಗೋಡೆ ಭದ್ರವಾಗಿ ಮುಚ್ಚಿ, ಪೂರ್ವಕ್ಕೆ ಮುಖ ಕೊಡಿ, ಬೆಳಗಿನ ಬಿಸಿಲು ಒಳಗೆ ಬರಲಿ. ಚಳಿಗಿಂತ ಪಾರಿವಾಳಕ್ಕೆ ತೇವವೇ ದೊಡ್ಡ ಶತ್ರು. ಕುಳಿತುಕೊಳ್ಳಲು ಒಂದೊಂದಕ್ಕೂ ಬೇರೆ ಬೇರೆ ಹಲಗೆ ಇರಲಿ, ಹಕ್ಕಿಗಳ ಲೆಕ್ಕಕ್ಕಿಂತ ಒಂದೆರಡು ಜಾಸ್ತಿಯೇ ಇರಲಿ, ಇಲ್ಲದಿದ್ದರೆ ರಾತ್ರಿಯೆಲ್ಲ ಜಾಗಕ್ಕೆ ಜಗಳ.

ವಾಪಸ್ ಬರುವ ಬಾಗಿಲಿಗೆ ಮೇಲಿನಿಂದ ಸಾಲಾಗಿ ತಂತಿಕಡ್ಡಿ ನೇತುಹಾಕಿ. ಹೊರಗಿನಿಂದ ಬಂದ ಹಕ್ಕಿ ಎದೆಯಿಂದ ತಳ್ಳಿದರೆ ಕಡ್ಡಿ ಒಳಕ್ಕೆ ಸರಿದು ದಾರಿ ಕೊಡುತ್ತದೆ, ಒಳಗಿನಿಂದ ತಳ್ಳಿದರೆ ಕೆಳಗಿನ ಪಟ್ಟಿಗೆ ತಾಗಿ ನಿಂತುಬಿಡುತ್ತದೆ. ಮರಿಗಳು ಇದನ್ನು ಬೇಗ ಕಲಿಯುತ್ತವೆ.

ಈಗ ನಿಮ್ಮ ಪ್ರಶ್ನೆ, ಯಾವಾಗ ಬಿಡಬೇಕು? ಮರಿಗಳನ್ನು ದಿನಾ ಸ್ವಲ್ಪ ಹೊತ್ತು ಗೂಡಿನ ಮೇಲಿಟ್ಟ ತಂತಿ ಪಂಜರದಲ್ಲಿ ಕೂರಿಸಿ, ಸುತ್ತಲಿನ ನೀರಿನ ಟ್ಯಾಂಕು, ತೆಂಗಿನ ಮರ, ಪಕ್ಕದ ಮನೆ ಎಲ್ಲ ನೋಡಲಿ. ಊಟ ಹಾಕುವಾಗ ಪ್ರತಿ ಸಲ ಒಂದೇ ಶಿಳ್ಳೆ ಹೊಡೆಯಿರಿ, ಅಥವಾ ಡಬ್ಬದಲ್ಲಿ ಕಾಳು ಅಲ್ಲಾಡಿಸಿ. ಒಂದು ವಾರ, ಹತ್ತು ದಿನ ಹೀಗೆ ಮಾಡಿ. ಸದ್ದು ಕೇಳಿದ ತಕ್ಷಣ ಓಡಿ ಬರಲು ಶುರುಮಾಡಿದವು ಅಂದ್ರೆ ಸಮಯ ಬಂತು ಅಂತ. ಮೊದಲ ಸಲ ಹಸಿದಿರುವಾಗ ಬಿಡಿ, ಕತ್ತಲಾಗಲು ಒಂದೆರಡು ಗಂಟೆ ಇರಬೇಕು. ಹಾರಿಸಬೇಡಿ. ಕೈ ಬೀಸಬೇಡಿ, ಬಟ್ಟೆ ಆಡಿಸಬೇಡಿ. ಛಾವಣಿ ಮೇಲೆ ಸುಮ್ನೆ ಓಡಾಡಿಕೊಂಡಿದ್ದು, ಶಿಳ್ಳೆಗೆ ಒಳಗೆ ಬಂದರೆ ಅವತ್ತಿನ ಪಾಠ ಮುಗಿಯಿತು. ಹೆದರಿ ಎದ್ದ ಮರಿಯೇ ಕಳೆದುಹೋಗುವುದು.

ಇದೆಲ್ಲದರ ಲಗಾಮು ಇರುವುದು ಊಟದಲ್ಲಿ. ದಿನಕ್ಕೆ ಒಂದು ಹಕ್ಕಿಗೆ 25ರಿಂದ 30 ಗ್ರಾಂ ಕಾಳು, ಅದೂ ಹಾರಿ ಬಂದ ಮೇಲೆ. ಗೋಧಿ, ಜೋಳ, ಸಜ್ಜೆ ಮುಖ್ಯ. ಬೆಳೆಯುವ ಮರಿಗೆ ಹೆಸರುಕಾಳು, ಬಟಾಣಿ ಸ್ವಲ್ಪ ಸೇರಿಸಿ. ಚಿಪ್ಪಿನ ಚೂರು, ಸಣ್ಣ ಕಲ್ಲು ಇರುವ ಗ್ರಿಟ್ ಬೇಕೇ ಬೇಕು. ನೀರು ದಿನಾ ಬದಲಿಸಿ. ಹೊಟ್ಟೆ ಬಿರಿಯೆ ತಿಂದ ಹಕ್ಕಿ ಶಿಳ್ಳೆಗೆ ಕಿವಿಗೊಡುವುದಿಲ್ಲ, ಹಾಗಂತ ಎದೆಮೂಳೆ ಕತ್ತಿಯಂತೆ ಕೈಗೆ ಸಿಗುವಷ್ಟು ಸೊರಗಿಸುವುದು ಕ್ರೌರ್ಯ.

ಲಾಗ ಯಾವಾಗ ಹೊಡೆಯುತ್ತವೆ ಅಂತಲೂ ಕೇಳುತ್ತೀರಿ, ಗೊತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ತಳಿ ಬೆಳೆಸಿದ ಈ ಹಕ್ಕಿಗೆ ಲಾಗ ರಕ್ತದಲ್ಲೇ ಇದೆ, ನೀವು ಕಲಿಸಬೇಕಿಲ್ಲ. ಕೆಲವು ತಿಂಗಳಾದ ಮೇಲೆ ಗುಂಪಿನಲ್ಲಿ ಹಾರುತ್ತಿರುವ ಒಂದು ಮರಿ ತಟ್ಟನೆ ಬಾಲ ಅಗಲಿಸಿ, ಗಾಳಿಯಲ್ಲಿ ಹಿಂದಕ್ಕೆ ಕುಳಿತಂತೆ ಮಾಡಿ, ಗಾಬರಿಯಿಂದ ಮತ್ತೆ ಗುಂಪು ಸೇರುತ್ತದೆ. ಆಮೇಲೆ ಒಂದು ಪಲ್ಟಿ, ಆಮೇಲೆ ಎರಡು. ಪಳಗಿದ ಹಕ್ಕಿ ಎಷ್ಟು ಬೇಗ ಹಿಂದಕ್ಕೆ ಸುತ್ತುತ್ತದೆ ಅಂದ್ರೆ ರೆಕ್ಕೆ ಬಾಲ ಬೇರೆ ಕಾಣುವುದೇ ಇಲ್ಲ. ಗಂಟೆಗಟ್ಟಲೆ ಹಾರಲಿ ಅಂತ ಆಸೆಪಡಬೇಡಿ. ಇವುಗಳ ದೊಡ್ಡ ಸ್ಪರ್ಧೆಯಲ್ಲೂ ನೋಡುವುದು 20 ನಿಮಿಷ ಮಾತ್ರ. ನೆಲಕ್ಕೆ ಬಡಿಯುವ ತನಕ ಸುತ್ತು ನಿಲ್ಲಿಸಲಾಗದ ಹಕ್ಕಿಯೂ ಒಂದೊಂದು ಇರುತ್ತದೆ, ಅದನ್ನು ಹಾರಿಸಬೇಡಿ, ಅದರಿಂದ ಮರಿ ಮಾಡಿಸಲೂ ಬೇಡಿ.

ಮೊದಲ ಪಾಠಗಳು ಮುಗಿದ ಮೇಲೆ, ದಿನಾ ಹಾರಿಸಲು ಬೆಳಗ್ಗೆಯೇ ಒಳ್ಳೆಯದು. ಬಿಸಿಲೇರಿದ ಮೇಲೆ ಹದ್ದು, ಗಿಡುಗ ಮೇಲೇರುತ್ತವೆ. ಆಷಾಢದ ಗಾಳಿಪಟದ ಕಾಲದಲ್ಲಿ ನಿಮ್ಮ ಏರಿಯಾದಲ್ಲಿ ಮಾಂಜಾ ದಾರ ಕಂಡರೆ ಬಿಡಲೇಬೇಡಿ. ಮಳೆಗಾಲದಲ್ಲಿ ಗೂಡಿಗೆ ಸೊಳ್ಳೆ ಪರದೆ ಹಾಕಿ, ಪಾರಿವಾಳದ ಸಿಡುಬು ಸೊಳ್ಳೆಯಿಂದ ಹರಡುತ್ತದೆ. ಯಾವುದಾದರೂ ಹಕ್ಕಿ ಕತ್ತು ತಿರುಚಿಕೊಂಡರೆ ಅವತ್ತೇ ಬೇರೆ ಇಟ್ಟು ಪಶುವೈದ್ಯರಿಗೆ ತೋರಿಸಿ. ಗೂಡು ಗುಡಿಸುವಾಗ ಮಾಸ್ಕ್ ಹಾಕಿ, ಒಣ ಹಿಕ್ಕೆಗೆ ಸ್ವಲ್ಪ ನೀರು ಚಿಮುಕಿಸಿ ಕೆರೆಯಿರಿ. ಆ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಕೆಡುತ್ತದೆ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಹಕ್ಕಿ.

ಇನ್ನು ಐದಾರು ಜೋಡಿಯ ವಿಚಾರ. ಒಂದು ಜೋಡಿ ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ, 18 ದಿನದ ಹೊತ್ತಿಗೆ ಮರಿ, ಆ ಮರಿಗಳು ಗೂಡು ಬಿಡುವ ಮೊದಲೇ ಮತ್ತೆ ಮೊಟ್ಟೆ. ಒಂದೇ ವರ್ಷದಲ್ಲಿ ಪೆಟ್ಟಿಗೆ ತುಂಬಿ ತುಳುಕುತ್ತದೆ. ಜಾಗ ಇಲ್ಲದಾಗ ಮೊಟ್ಟೆ ತೆಗೆದು ಅದೇ ಅಳತೆಯ ಪ್ಲಾಸ್ಟಿಕ್ ಮೊಟ್ಟೆ ಇಡಿ. ಸುಮ್ನೆ ತೆಗೆದುಬಿಟ್ಟರೆ ಹೆಣ್ಣು ಕೆಲವೇ ದಿನದಲ್ಲಿ ಇನ್ನೆರಡು ಇಟ್ಟು ಸೊರಗುತ್ತದೆ.