ಕೆರೆಗೆ ಕೊಳಚೆ ಬಿಡೋರ ಮೇಲೆ ಸ್ಟೇ ತರಬಹುದಾ?

ಪ್ರಶ್ನೆ: ನಮ್ಮೂರ ಕೆರೆಗೆ ಫ್ಯಾಕ್ಟರಿಯವ್ರು ರಾತ್ರಿ ಹೊತ್ತು ಕೊಳಚೆ ಬಿಡ್ತಿದಾರೆ. ಕೆರೆ ಸರ್ಕಾರದ್ದು, ಅಲ್ಲಿ ನಮ್ಮ ಜಮೀನೇನೂ ಇಲ್ಲ. ನಾವು ಕೇಸ್ ಹಾಕಬಹುದಾ?

ಹಾಕಬಹುದು, ಧೈರ್ಯವಾಗಿ ಹಾಕಿ. ಜಮೀನು ಇಲ್ದಿದ್ರೂ ಪರವಾಗಿಲ್ಲ, ಯಾಕಂದ್ರೆ ಇಂಥ ನೀರಿಗೆ ಸರ್ಕಾರ ಜನರ ಪರವಾಗಿ ಕಾಯೋ ಟ್ರಸ್ಟಿ ಅಷ್ಟೇ, ಮಾಲೀಕ ಅಲ್ಲ ಅಂತ ಬಿಯಾಸ್ ನದಿ ದಂಡೆ ಕೇಸಲ್ಲಿ ಸುಪ್ರೀಂ ಕೋರ್ಟೇ 1996ರಲ್ಲಿ ಹೇಳಿದೆ.

ಹಳೇ ದಾರಿ ಅಂದ್ರೆ ಸಿವಿಲ್ ಪ್ರೊಸೀಜರ್ ಕೋಡ್ 91ನೇ ಸೆಕ್ಷನ್, ಊರಿನ ಇಬ್ಬರು ಸೇರಿ ಕೋರ್ಟಿನ ಅನುಮತಿ ತಗೊಂಡು ತಡೆಯಾಜ್ಞೆ ಕೇಳ್ಬಹುದು, ಸ್ವಂತಕ್ಕೆ ನಷ್ಟ ಆಗಿರಬೇಕು ಅಂತೇನಿಲ್ಲ. ಆದ್ರೆ 2010ರಲ್ಲಿ ಹಸಿರು ನ್ಯಾಯಮಂಡಳಿ (ಪರಿಸರದ ಕೇಸಿಗೇ ಇರೋ ಕೋರ್ಟು, NGT) ಕಾಯ್ದೆ ಬಂದ್ಮೇಲೆ, ಆ ನ್ಯಾಯಮಂಡಳಿ ಕೇಳಬಹುದಾದ ವ್ಯಾಜ್ಯನ ಸಿವಿಲ್ ಕೋರ್ಟ್ ತಗೊಳ್ಳೋ ಹಾಗಿಲ್ಲ (29ನೇ ಸೆಕ್ಷನ್), ಹಾಗಾಗಿ ಕೊಳಚೆ ವಿಷ್ಯಕ್ಕೆ ತಾಲೂಕು ಕೋರ್ಟಲ್ಲಿ ದಾವೆ ಹಾಕಿದ್ರೆ ಎದುರು ಪಾರ್ಟಿ ವಕೀಲ್ರು ಮೊದ್ಲು ಎತ್ತೋದೇ ಇದನ್ನ. ಅದಕ್ಕೆ ನ್ಯಾಯಮಂಡಳಿಗೇ ಹೋಗಿ, ನಮಗೆ ಸೇರೋದು ಅದರ ಚೆನ್ನೈನ ದಕ್ಷಿಣ ಪೀಠ. ಪರಿಹಾರ ಕೇಳ್ದೆ ಬರೀ ನಿಲ್ಲಿಸಿ ಅಂದ್ರೆ ಫೀಸು 1000 ರೂಪಾಯಿ, ವಕೀಲ್ರಿಲ್ದೆ ನೀವೇ ವಾದ ಮಾಡಬಹುದು, ಕೇಸ್ ಮುಗಿಯೋ ಮುಂಚೆನೇ ಮಧ್ಯಂತರ ತಡೆ ಕೊಡೋ ಅಧಿಕಾರನೂ ಅದಕ್ಕಿದೆ.

ಜನ ಎಡವೋದು ಟೈಮಲ್ಲಿ. ನ್ಯಾಯಮಂಡಳಿ ಕಾಯ್ದೆ 14ನೇ ಸೆಕ್ಷನ್ ಪ್ರಕಾರ ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು, ಸರಿಯಾದ ಕಾರಣ ತೋರಿಸಿದ್ರೆ ಇನ್ನೊಂದು 60 ದಿನ, ಅಷ್ಟೇ! ನಮ್ಮ ಜನ ಪಂಚಾಯ್ತಿಗೊಂದು ಡಿಸಿ ಆಫೀಸಿಗೊಂದು ಅರ್ಜಿ ಕೊಟ್ಕೊಂಡು ವರ್ಷ ಕಳೀತಾರೆ, ಇದು ನೋಡಿದ್ರೆ ನಿಜವಾಗ್ಲೂ ಸಂಕಟ ಆಗುತ್ತೆ. ಅವಧಿ ಮೀರಿದ್ರೆ ಕೈ ಚೆಲ್ಲಬೇಡಿ, ಕೆರೆ ಸರಿಮಾಡಿಸಿ, ಪರಿಹಾರ ಕೊಡಿಸಿ ಅಂತ 15ನೇ ಸೆಕ್ಷನ್ನಲ್ಲಿ ಕೇಳೋಕೆ 5 ವರ್ಷ ಇದೆ.

ಸಾಕ್ಷಿ ವಿಷ್ಯ. ನೀವೇ ಬಾಟ್ಲಿಲಿ ತುಂಬಿಸ್ಕೊಂಡು ಹೋದ ನೀರಿನ ರಿಪೋರ್ಟನ್ನೇ ನೆಚ್ಕೋಬೇಡಿ. ನೀರಿನ ಮಾಲಿನ್ಯ ತಡೆಯೋ ಜಲ ಕಾಯ್ದೆ 21ನೇ ಸೆಕ್ಷನ್ ರೀತಿಲಿ ಮಾಲಿನ್ಯ ನಿಯಂತ್ರಣ ಮಂಡಳಿಯವ್ರೇ ಬಂದು ಸ್ಯಾಂಪಲ್ ತೆಗೆದ್ರೆ ಅದಕ್ಕೆ ತೂಕ ಜಾಸ್ತಿ, ಅದಕ್ಕೇ ಇವತ್ತೇ ಅವರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಇಟ್ಕೊಳ್ಳಿ, ತಾರೀಖು ಕಾಣೋ ಹಾಗೆ ಫೋಟೋ ತೆಗೀರಿ. ಫ್ಯಾಕ್ಟರಿ ಮುಚ್ಚಿಸಿ ಕರೆಂಟ್ ಕಟ್ ಮಾಡ್ಸೋ ಅಧಿಕಾರ ಅದೇ ಜಲ ಕಾಯ್ದೆ 33ಎ ಸೆಕ್ಷನ್ನಲ್ಲಿ ಮಾಲಿನ್ಯ ಮಂಡಳಿಗೇ ಇದೆ, ಅವರು ಅದನ್ನ ಬಳಸ್ಲಿಲ್ಲ ಅಂದ್ರೆ ಅವರನ್ನೂ ಎದುರು ಪಾರ್ಟಿ ಮಾಡಿ.

ದೊಡ್ಡವ್ರ ಮೇಲೆ ನಡೆಯುತ್ತಾ ಅಂತೀರಾ? ಬೆಳ್ಳಂದೂರು ಕೆರೆ ವಿಷ್ಯದಲ್ಲಿ 2018ರ ಡಿಸೆಂಬರಲ್ಲಿ ಇದೇ ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತ್ತು.